ಅರ್ಧ ಇಂಚಿನ ಪಾನಾ

ಅಂಬಾಸಿಡರ್ ಕಾರಿನ ಎಂಜಿನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ಲು ಎಮ್ಮೆ ಕಟ್ಟುವುದಕ್ಕೆ ಹೇಳಿ ಮಾಡಿಸಿದಂಥ ಸಾಮಾನು. ನೇರವಾದ ತುದಿಯನ್ನು ನೆಲಕ್ಕೆ ಹೊಡೆದರೆ ಮೇಲಿನ ಎರಡು ಬಾಗು ಹಗ್ಗವನ್ನು ಜಾರಲು ಬಿಡುವುದಿಲ್ಲ. ಗೆದ್ದಲು ಹಿಡಿಯುವುದಿಲ್ಲ, ಎಮ್ಮೆ ಎಷ್ಟು ಜಗ್ಗಿದರೂ ಬಗ್ಗುವುದಿಲ್ಲ. ಹೊಸದುರ್ಗದಾಚೆ ಒಂದು ತೆಂಗಿನ ತೋಟದಲ್ಲಿ ಇಂಥ ಗೂಟವೊಂದು ಕಣ್ಣಿಗೆ ಬಿದ್ದು ನಾನು ಬೈಕು ನಿಲ್ಲಿಸಿ ಇಳಿದಾಗ, ತೋಟದ ಯಜಮಾನರು ಎಮ್ಮೆ ವ್ಯಾಪಾರಕ್ಕೆ ಬಂದವನೆಂದೇ ತಿಳಿದರು. "ಎರಡನೇ ಸೂಲು. ಹಾಲಿಗೇನೂ ಮೋಸ ಇಲ್ಲ, ಕೈಯಿಟ್ಟು ನೋಡ್ರಿ" ಎಂದರು. ಎಮ್ಮೆ ಬೇಡ, ಗೂಟ ಬೇಕು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಮನೆಯ ಕಡೆ ತಿರುಗಿ, "ಲೇ, ಒಂದು ಚೊಂಬು ನೀರು ತಗಂಬಾ, ಇವ್ರಿಗೆ ಬಿಸ್ಲು ಬಡಿದೈತೆ" ಎಂದು ಕೂಗಿದರು.

ಬಿಸಿಲಿನ ತಪ್ಪೇನೂ ಇರಲಿಲ್ಲ. ಹೊಳಲ್ಕೆರೆ ಕಡೆಯ ನನ್ನ ಸೋದರಮಾವ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಕೊಂಡಿದ್ದ 1965ರ ಅಂಬಾಸಿಡರ್ ಮಾರ್ಕ್ 2 ಈಗ ಚಿತ್ರದುರ್ಗದಲ್ಲಿ ನಮ್ಮ ಮನೆಯ ಮುಂದೆ ನಿಂತಿದೆ. ಮೈಸೂರು ರಾಜ್ಯ ಇನ್ನೂ ಕರ್ನಾಟಕವಾಗಿರದ ಕಾಲದ ಎಂವೈ ನಂಬರು. ಎಂಜಿನ್ನು ಬಿಚ್ಚಿ ಕಟ್ಟಿಸಿದ್ದಾಯಿತು, ಬ್ರೇಕಿನ ಕೆಲಸ ಆಯಿತು, ಸೀಟಿಗೆ ರೆಕ್ಸಿನ್ನೂ ಆಯಿತು. ಇವೆಲ್ಲ ದುಡ್ಡು ಕೊಟ್ಟರೆ ಆಗುವ ಕೆಲಸ. ದುಡ್ಡಿಗೆ ಬಗ್ಗದೆ ಉಳಿದದ್ದು ಡಿಕ್ಕಿಯೊಳಗಿನ ಟೂಲ್ ಕಿಟ್. ಕಾರು ಕಾರ್ಖಾನೆಯಿಂದ ಹೊರಟಾಗ ಅದರ ಜೊತೆ ಬಂದ ಸಾಮಾನು ಮಾವನ ಕಾಲದಲ್ಲೇ ಒಂದೊಂದಾಗಿ ಇಳಿದು ಹೋಗಿದ್ದವು. ಡ್ರೈವರುಗಳು ಬದಲಾದಂತೆ, ನೆಂಟರು "ಒಂದಿನಕ್ಕೆ ಕೊಡು ಮಾವ" ಅಂದಂತೆ, ಪಂಪ್‌ಸೆಟ್ಟು ಕೆಟ್ಟಂತೆ ಪಾನಾಗಳು ಊರಲ್ಲಿ ಹಂಚಿಹೋದವು. ನಾನು ವಕೀಲ. ಹಂಚಿಹೋದ ಆಸ್ತಿಯನ್ನು ಒಟ್ಟುಗೂಡಿಸುವುದು ಎಂಥ ಕಷ್ಟ ಎಂದು ಬೇರೆಯವರ ಲೆಕ್ಕದಲ್ಲಿ ಗೊತ್ತಿತ್ತು.

ಕಾರಿನ ಜೊತೆ ಏನೇನು ಬರುತ್ತಿತ್ತು ಎಂದು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಅಂಬಾಸಿಡರ್ ತಯಾರಾದದ್ದು ಕಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ. 1950ರ ದಶಕದ ಕೊನೆಗೆ ಶುರುವಾಗಿ 2014ರವರೆಗೂ ಬಂತು. ಅದರ ಮೈಕಟ್ಟು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡಿನದು, ನಮ್ಮದರ 1489 ಸಿ.ಸಿ. ಎಂಜಿನ್ನೂ ಅದೇ ಮನೆತನದ್ದು. ಆ ಕಾಲದ ಬ್ರಿಟಿಷ್ ವಂಶದ ಕಾರುಗಳಿಗೆ ಜಾಕು, ಹ್ಯಾಂಡಲ್ಲು, ಒಂದು ತುದಿಯಲ್ಲಿ ನಟ್ಟು ಬಿಚ್ಚಿ ಇನ್ನೊಂದು ಚಪ್ಪಟೆ ತುದಿಯಲ್ಲಿ ಗಾಲಿಯ ಟೋಪಿ ಎಬ್ಬಿಸುವ ವೀಲ್ ಪಾನಾ, ಕೊಳವೆಯಂಥ ಪ್ಲಗ್ ಪಾನಾ, ಅದರ ಟಾಮಿ, ಎರಡು ಬಾಯಿಯ ಫಿಕ್ಸ್ ಪಾನಾಗಳು, ಸ್ಕ್ರೂಡ್ರೈವರು, ಇಕ್ಕಳ, ಟೈರು ಎಬ್ಬಿಸುವ ಲಿವರು, ಗಾಳಿ ಪಂಪು, ಗ್ರೀಸ್ ಗನ್ನು ಎಲ್ಲವೂ ಬರುತ್ತಿದ್ದವು. ಕೊನೆಗೆ, ಸಂದು ಅಳೆಯುವ ಫೀಲರ್ ಗೇಜು.

ಈ ಸಾಮಾನುಗಳನ್ನು ನೋಡಿದರೆ ಕಂಪನಿ ಕಾರು ಕೊಂಡವನನ್ನು ಯಾರೆಂದು ತಿಳಿದಿತ್ತು ಎನ್ನುವುದು ಗೊತ್ತಾಗುತ್ತದೆ. ಟ್ಯಾಪೆಟ್ಟಿನ ಸಂದು ಎಂಜಿನ್ನು ಬಿಸಿಯಿರುವಾಗ ಇಂಚಿನ ಸಾವಿರ ಭಾಗದಲ್ಲಿ 15, ಪ್ಲಗ್ಗಿನ ಸಂದು 25, ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಸಂದು 14ರಿಂದ 16. ಇದನ್ನೆಲ್ಲ ಮಾಲೀಕನೇ ಬಾನೆಟ್ಟು ಎತ್ತಿ ನೋಡಿಕೊಳ್ಳುತ್ತಾನೆ ಎಂದು ಅದು ನಂಬಿತ್ತು. ಮುಂದಿನ ಗಾಲಿಗಳ ಕಿಂಗ್ ಪಿನ್ನಿಗೆ 1,000 ಮೈಲಿಗೊಮ್ಮೆ ಗ್ರೀಸು ಕೊಡಬೇಕು ಎಂದು ಆ ಕಾಲದ ಮೋರಿಸ್ ಕಾರುಗಳ ಪುಸ್ತಕ ಹೇಳುತ್ತಿತ್ತು. ಎಂದರೆ ಚಿತ್ರದುರ್ಗದಿಂದ ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದ ಮೇಲೆ ಯಜಮಾನರು ಅಂಗಿ ಬಿಚ್ಚಿ ಕಾರಿನಡಿ ಮಲಗಬೇಕು. ನನ್ನ ಮಗಳ ಹೊಸ ಕಾರಿನ ಡಿಕ್ಕಿಯಲ್ಲಿ ಒಂದು ಜಾಕು, ಒಂದು ವೀಲ್ ಪಾನಾ, ಒಂದು ಫೋನ್ ನಂಬರು ಇವೆ. ನಂಬರಿಗೆ ಕರೆ ಮಾಡಿದರೆ ಮೊದಲು ಸಂಗೀತ ಕೇಳಿಸುತ್ತದೆ.

ಹೊರದೇಶದಲ್ಲಿ ಈ ಸಾಮಾನಿನ ಹುಚ್ಚು ನಮಗಿಂತ ಹೆಚ್ಚು. ಜಾಗ್ವಾರ್ ಕಂಪನಿಯ 1950ರ ದಶಕದ ದೊಡ್ಡ ಕಾರುಗಳಲ್ಲಿ ಮುಂದಿನ ಬಾಗಿಲಿನ ಒಳಗೇ ತಟ್ಟೆ ಮಾಡಿ, ಒಂದೊಂದು ಪಾನಾಕ್ಕೂ ಅದರ ಆಕಾರದ್ದೇ ಹಾಸಿಗೆ ಮಾಡಿ ಮಲಗಿಸುತ್ತಿದ್ದರು. ಹಳೇ ಫೆರಾರಿಯ ಪೂರ್ತಿ ಟೂಲ್ ಕಿಟ್ ಹರಾಜಿಗೆ ಬಂದರೆ ನಮ್ಮಲ್ಲಿ ಒಂದು ಹೊಸ ಸಣ್ಣ ಕಾರು ಕೊಳ್ಳುವಷ್ಟು ದುಡ್ಡಿಗೆ ಹೋಗುತ್ತದೆ. ಪ್ರದರ್ಶನಕ್ಕೆ ನಿಂತ ಕಾರಿನ ಡಿಕ್ಕಿ ತೆಗೆಸಿ ಪಾನಾ ಎಣಿಸುವ ತೀರ್ಪುಗಾರರೂ ಇದ್ದಾರೆ. ಬೆಂಗಳೂರಿನಲ್ಲಿರುವ ನನ್ನ ಗೆಳೆಯನೊಬ್ಬ ಆ ಜಾತಿಗೆ ಸೇರಿದವನು. ಅವನೇ ನನಗೆ ಈ ರೋಗ ಅಂಟಿಸಿದ್ದು. ಕಾನೂನಂತೂ ಇಷ್ಟು ಕಟ್ಟುನಿಟ್ಟಲ್ಲ. 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಕೊಡುವ ಕೇಂದ್ರದ ನಿಯಮ 2021ರಲ್ಲಿ ಬಂತು. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ಮತ್ತೆ ಮಾಡಿಸಲು 5,000. ಚಾಸಿ, ಬಾಡಿ, ಎಂಜಿನ್ನು ಮೂಲ ರೂಪದಲ್ಲಿರಬೇಕು ಎಂದು ಅದು ಕೇಳುತ್ತದೆಯೇ ಹೊರತು ಪಾನಾದ ಮಾತೇ ಎತ್ತುವುದಿಲ್ಲ. ಕಾನೂನು ಕೇಳದಿದ್ದದ್ದನ್ನು ಗೆಳೆಯ ಕೇಳಿದ.

ನಾನು ಮೊದಲು ಹುಡುಕಿದ್ದು ಹಿರಿಯೂರಿನಲ್ಲಿ. ರಸ್ತೆಗಳು ಕೂಡುವ ಊರು ಅದು. ಹಿಂದೆ ನಾಲ್ಕನೇ ನಂಬರಿನದಾಗಿದ್ದು ಈಗ 48 ಎನ್ನಿಸಿಕೊಂಡ ಬೆಂಗಳೂರು–ಪುಣೆ ಹೆದ್ದಾರಿಗೆ ಅಲ್ಲಿ ಬಳ್ಳಾರಿ ಕಡೆಯದೂ ಹುಳಿಯಾರಿನ ಕಡೆಯದೂ ಬಂದು ಸೇರುತ್ತವೆ. ಲಾರಿ ಓಡುವಲ್ಲಿ ಗ್ಯಾರೇಜಿರುತ್ತದೆ, ಗ್ಯಾರೇಜಿದ್ದಲ್ಲಿ ಗುಜರಿ ಅಂಗಡಿ ಇರುತ್ತದೆ. ಅಲ್ಲಿನ ಒಂದು ಅಂಗಡಿಯಲ್ಲಿ ಪಾನಾಗಳ ಗುಡ್ಡೆಯೇ ಇತ್ತು. ಹಿಡಿದು ನೋಡಿದರೆ ಒಂದೂ ನಮ್ಮದಲ್ಲ! ಎಲ್ಲವೂ ಮಿಲಿಮೀಟರಿನವು. 13, 17, 19, 24.

ಇದಕ್ಕೊಂದು ಕಾರಣ ಇದೆ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ಮಾಡಲು ಹೊರಟಾಗ ಅದರ ನಟ್ಟು ಬೋಲ್ಟು ಮಿಲಿಮೀಟರಿನಲ್ಲೇ ಬಂದವು. ಹೆದ್ದಾರಿಯಲ್ಲಿ ಹೆಚ್ಚು ಓಡಿದ್ದು ಆ ಲಾರಿ. ಹೀಗಾಗಿ ಹೆದ್ದಾರಿಯ ಪಾನಾ ಎಂದರೆ ಮಿಲಿಮೀಟರಿನ ಪಾನಾ. ಮದರಾಸಿನಲ್ಲಿ ತಯಾರಾಗುತ್ತಿದ್ದ ಲೇಲ್ಯಾಂಡು ಇಂಗ್ಲೆಂಡಿನ ಕಡೆಯದು, ಅದರದು ಇಂಚಿನ ಲೆಕ್ಕ. ಅಂಬಾಸಿಡರಿಗೂ ಇಂಚೇ. ಫಿಯಟ್ಟು ಇಟಲಿಯದು, ಆದ್ದರಿಂದ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಈ ತಾಪತ್ರಯ ಇಲ್ಲ, ಯಾವ ಗ್ಯಾರೇಜಿನ ಪಾನಾ ಎತ್ತಿದರೂ ಕೂರುತ್ತದೆ. ಅಂಬಾಸಿಡರಿನವರ ಪಾಡು ಇನ್ನೂ ಗೋಜಲಿನದು. 1990ರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಜು ಎಂಜಿನ್ನು ಕೂರಿಸಿದ ಮೇಲೆ ಬಾಡಿಗೆ ಒಂದು ಲೆಕ್ಕ, ಎಂಜಿನ್ನಿಗೆ ಇನ್ನೊಂದು ಲೆಕ್ಕ. ಸದ್ಯ, ನಮ್ಮದು ಅದಕ್ಕಿಂತ ಹಿಂದಿನದು.

"ಲಾಯರ್ ಸಾಬ್, ಹದಿಮೂರು ನಂಬರು ತಗೊಳ್ಳಿ, ಕೂತ್ಕೊಳ್ಳುತ್ತೆ" ಎಂದರು ಗುಜರಿ ಅಂಗಡಿಯವರು.

"ಕೂತ್ಕೊಳ್ಳುತ್ತೆ ಸಾಬ್ರೆ, ಆಮೇಲೆ ಜಾರುತ್ತೆ."

ಅರ್ಧ ಇಂಚು ಎಂದರೆ 12.7 ಮಿಲಿಮೀಟರು. ಹದಿಮೂರರ ಪಾನಾ ಅದರ ಮೇಲೆ ಸಲೀಸಾಗಿ ಕೂರುತ್ತದೆ. ಉಳಿಯುವ ಸಡಿಲ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲೂ ಇಲ್ಲ. ಬೋಲ್ಟು ಹೊಸದಾಗಿದ್ದರೆ ಬಿಚ್ಚಲೂಬಹುದು. ಅರವತ್ತು ವರ್ಷ ಬಿಸಿಲು, ಮಳೆ, ಗ್ರೀಸು ಕುಡಿದು ಕಚ್ಚಿ ಕೂತ ಬೋಲ್ಟಿನ ಮೇಲೆ ಜೋರು ಮಾಡಿದರೆ ಮೂಲೆಗಳು ಸವೆದು ತಲೆ ಗುಂಡಗಾಗುತ್ತದೆ. ಆಮೇಲೆ ಚಾಣ ಹಿಡಿದು ಹೊಡೆಯುವುದೊಂದೇ ದಾರಿ. ಈ ಇಂಚು, ಮಿಲಿಮೀಟರು ಬಿಟ್ಟು ಮೂರನೆಯ ಲೆಕ್ಕವೂ ಒಂದಿದೆ, ವಿಟ್ವರ್ತ್. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರು ಹಾಕಿಕೊಟ್ಟ ಲೆಕ್ಕದಲ್ಲಿ ಪಾನಾದ ಮೇಲೆ ಬರೆಯುವುದು ಅದರ ಬಾಯಿಯ ಅಗಲವನ್ನಲ್ಲ, ಬೋಲ್ಟಿನ ಕಡ್ಡಿಯ ದಪ್ಪವನ್ನು. ಹೀಗಾಗಿ ಕಾಲು ಇಂಚು ಎಂದು ಬರೆದ ವಿಟ್ವರ್ತ್ ಪಾನಾದ ಬಾಯಿ ಅಳೆದರೆ ಅರ್ಧ ಇಂಚಿಗಿಂತ ಒಂದಿಷ್ಟು ಜಾಸ್ತಿ, 0.525. ಎರಡನೇ ಮಹಾಯುದ್ಧದ ಮೇಲೆ ಅಮೆರಿಕ, ಇಂಗ್ಲೆಂಡು, ಕೆನಡಾ ಬೋಲ್ಟಿನ ಒಂದೇ ಬಗೆಯ ಮರೆಗೆ ಒಪ್ಪಿಕೊಂಡ ನಂತರ ಹೊಸ ಕಾರುಗಳು ಆ ಲೆಕ್ಕ ಬಿಡುತ್ತ ಬಂದವು. ಗುಜರಿಯ ಗುಡ್ಡೆ ಯಾವುದನ್ನೂ ಬಿಟ್ಟಿಲ್ಲ. ಹನ್ನೆರಡು ಮುಕ್ಕಾಲು, ಹದಿಮೂರು, ಹದಿಮೂರೂಕಾಲು ಮೂರೂ ಅಲ್ಲಿ ಒಂದೇ ಬಣ್ಣದ ತುಕ್ಕು ಹಿಡಿದು ಅಕ್ಕಪಕ್ಕ ಬಿದ್ದಿರುತ್ತವೆ. ಕಣ್ಣಳತೆ ನಡೆಯುವುದಿಲ್ಲ. ನಾನು ಕಾರಿನದೇ ಒಂದು ಬೋಲ್ಟನ್ನು ಕರೀ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗತೊಡಗಿದೆ. ಕೋರ್ಟಿನಲ್ಲಿ ಪೆನ್ನು ತೆಗೆಯಲು ಹೋಗಿ ಬೋಲ್ಟು ತೆಗೆದದ್ದೂ ಉಂಟು. ನ್ಯಾಯಾಧೀಶರು ಏನೂ ಕೇಳಲಿಲ್ಲ, ಎದುರು ವಕೀಲರು ಮಾತ್ರ ಸ್ವಲ್ಪ ದೂರ ಸರಿದರು.

ಗುಜರಿಯಲ್ಲಿ ಕೊಳ್ಳುವುದಕ್ಕೂ ಒಂದು ನಡವಳಿಕೆ ಇದೆ. ಬೇಕಾದದ್ದು ಕಣ್ಣಿಗೆ ಬಿದ್ದ ಕೂಡಲೇ ಎತ್ತಬಾರದು. ಬೇಡದ ನಾಲ್ಕು ಎತ್ತಿ, ಅದರೊಳಗೆ ಬೇಕಾದ್ದನ್ನು ಸೇರಿಸಿ, ತೂಕಕ್ಕೆ ಹಾಕಿಸಬೇಕು. ಅಂಗಡಿಯವರಿಗೆ ನಿಮ್ಮ ಆಸೆ ಗೊತ್ತಾಯಿತೋ, ಕೆ.ಜಿ. ಲೆಕ್ಕ ಹೋಗಿ ನಗದ ಲೆಕ್ಕ ಬರುತ್ತದೆ. "ಇದು ಅಸಲಿ ಮಾಲ್" ಎಂಬ ಮಾತು ಬರುವುದೂ ಆಗಲೇ. ಪಾನಾದ ಮೇಲಿನ ಹೆಸರನ್ನು ಓದುವ ಅಭ್ಯಾಸ ಇದ್ದರೆ ಆ ಮಾತನ್ನು ಅಲ್ಲೇ ತೂಗಬಹುದು. ತಪಾರಿಯಾದವರ ನಾಸಿಕದ ಕಾರ್ಖಾನೆ ಕೆಲಸ ಶುರುಮಾಡಿದ್ದೇ 1960ರ ದಶಕದ ಕೊನೆಗೆ. ಆ ಹೆಸರಿನ ಪಾನಾ 1965ರ ಕಾರಿನ ಜೊತೆ ಬಂದಿರಲಾರದು, ಎಷ್ಟೇ ಒಳ್ಳೆಯದಾಗಿರಲಿ. ಬರ್ಮಿಂಗ್‌ಹ್ಯಾಮಿನ ಕಿಂಗ್ ಡಿಕ್, ಟೆಕಲೆಮಿಟ್ ಗ್ರೀಸ್ ಗನ್ನು ಇಂಥವು ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ನಿಜ. ಆದರೆ ಅವು ಹಡಗಿನಲ್ಲಿ ಬಂದ ಕಾರುಗಳ ಜೊತೆಗಾರರು. ಪಳಪಳ ಹೊಳೆಯುವ ಪಾನಾ ಕಂಡರೆ ಅನುಮಾನಪಡಬೇಕು. ಆ ಕಾಲದಲ್ಲಿ ಕಾರಿನ ಜೊತೆ ಕೊಡುತ್ತಿದ್ದ ಅಗ್ಗದ ಸಾಮಾನಿಗೆ ಕರೀ ಬಣ್ಣವೋ ಕಪ್ಪು ಲೇಪವೋ ಇರುತ್ತಿತ್ತು, ಕ್ರೋಮಿನ ಮೆರುಗು ಅಪರೂಪ. ಕೆಲವರು ಪಾಲೀಶು ಮಾಡಿಸಿ ಮದುವಣಗಿತ್ತಿಯಂತೆ ಸಿಂಗರಿಸಿ ಇಡುತ್ತಾರೆ. ನನಗೆ ಅದು ಹಿಡಿಸದು.

ತುಕ್ಕು ತೆಗೆಯಲು ಪೇಟೆಯಲ್ಲಿ ಡಬ್ಬಿಗಟ್ಟಲೆ ಔಷಧಿ ಇವೆ. ನಮ್ಮ ಜಿಲ್ಲೆಯವನಿಗೆ ಅದರ ಗರಜು ಇಲ್ಲ. ಹಳೇ ಹುಣಸೆಹಣ್ಣನ್ನು ಬಿಸಿನೀರಲ್ಲಿ ಕಿವುಚಿ, ಮೊದಲು ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದ ಪಾನಾಗಳನ್ನು ಅದರಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ, ಹುಳಿ ತುಕ್ಕನ್ನು ತಿಂದು ಕಬ್ಬಿಣವನ್ನು ಬಹುಪಾಲು ಬಿಡುತ್ತದೆ. ಬೆಳಿಗ್ಗೆ ತಂತಿಯ ಬ್ರಷ್ಷಿನಿಂದ ತಿಕ್ಕಿ, ಅಡುಗೆ ಸೋಡಾ ನೀರಲ್ಲಿ ಅದ್ದಿ ತೆಗೆದು, ಒರೆಸಿ, ತಡಮಾಡದೆ ಎಣ್ಣೆ ಸವರಬೇಕು. ತಡವಾದರೆ ಮಧ್ಯಾಹ್ನದೊಳಗೆ ಹೊಸ ತುಕ್ಕು ಬರುತ್ತದೆ. ಈ ವಿದ್ಯೆಯ ಖರ್ಚೆಲ್ಲ ಅಡುಗೆಮನೆಯ ಲೆಕ್ಕದಲ್ಲಿ ಬೀಳುವುದರಿಂದ ನನ್ನ ಹೆಂಡತಿ, "ರೀ, ಈ ವರ್ಷ ಸಾರು ಬೇಕೋ ಪಾನಾ ಬೇಕೋ ಮೊದಲೇ ಹೇಳಿಬಿಡಿ" ಎಂದಳು. ಅಷ್ಟಕ್ಕೂ ಆಕೆ ನಮ್ಮ ಕಾರಿನ ಪ್ಲಗ್ ಪಾನಾದಲ್ಲಿ ಎಷ್ಟೋ ವರ್ಷ ಏಲಕ್ಕಿ ಕುಟ್ಟಿದವಳು. ಮಾವನ ಮನೆಯಿಂದ ಬಂದ ಪಾತ್ರೆಗಳ ಜೊತೆ ಅದು ಬಂದಿತ್ತು. ಕುಟ್ಟಾಣಿಯ ಗುಂಡು ಎಂದೇ ಮನೆಯವರ ನಂಬಿಕೆ. ಬದಲಿಗೆ ಒಂದು ಹಿತ್ತಾಳೆಯ ಕುಟ್ಟಾಣಿ ತಂದುಕೊಟ್ಟ ಮೇಲೆಯೇ ಅದು ನನ್ನ ಸ್ವಾಧೀನಕ್ಕೆ ಬಂದದ್ದು. ಈಗ ಪ್ಲಗ್ಗು ಬಿಚ್ಚಿದರೆ ಏಲಕ್ಕಿ ವಾಸನೆ ಬರುತ್ತದೆ ಎಂದು ಮಗಳು ತಮಾಷೆ ಮಾಡುತ್ತಾಳೆ.

ಹೀಗೆ ಹುಡುಕುತ್ತ ಹೋದಂತೆ ನನಗೆ ಖಚಿತವಾದ ಸಂಗತಿ ಎಂದರೆ, ಕಾರಿನ ಸಾಮಾನು ನಮ್ಮ ಕಡೆ ಕಳೆದುಹೋಗುವುದಿಲ್ಲ, ಕಸುಬು ಬದಲಾಯಿಸುತ್ತದೆ. ಭೀಮಸಮುದ್ರದ ಹತ್ತಿರ ಒಂದು ಅಡಿಕೆ ಮಂಡಿಯಲ್ಲಿ ಜೀಪಿನ ಹ್ಯಾಂಡಲ್ಲು ಚೀಲದ ಬಾಯಿ ಬಿಗಿಯುವ ಕೆಲಸಕ್ಕೆ ಸೇರಿತ್ತು. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ಜಾಕುಗಳು ದೇವಸ್ಥಾನದ ಸೊತ್ತು. ತೇರಿನ ಗಾಲಿಗೆ ಎಣ್ಣೆ ಹಾಕುವಾಗ ಅಚ್ಚು ಎತ್ತುವುದು ಅವೇ. ವರ್ಷಕ್ಕೊಂದು ದಿನ ಕೆಲಸ, ಉಳಿದ ದಿನ ಅರಿಶಿನ ಕುಂಕುಮ. ಅವನ್ನು ಮಾರುತ್ತೀರಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಕೈಮುಗಿದು ಬಂದೆ. ಹೊಸದುರ್ಗದಲ್ಲಿ ಒಬ್ಬ ಆಚಾರ್ರ ಕುಲುಮೆಗೆ ಹೋಗಿ ಹಳೇ ಪಾನಾ ಏನಾದರೂ ಉಂಟೇ ಎಂದು ಕೇಳಿದೆ. "ಇದ್ದವು ಸ್ವಾಮಿ. ಒಳ್ಳೆ ಉಕ್ಕು. ಎಲ್ಲಾನೂ ಉಳಿ ಮಾಡ್ದೆ" ಎಂದು ಸಾಲಾಗಿ ಜೋಡಿಸಿದ್ದ ಉಳಿಗಳನ್ನು ತೋರಿಸಿದರು. ಒಂದರ ಹಿಡಿಯ ಮೇಲೆ ಇನ್ನೂ ಭಿನ್ನರಾಶಿಯ ಅರ್ಧ ಗುರುತು ಉಳಿದಿತ್ತು. ಲಾರಿಯ ಪಾಟಾ ಪ್ಲೇಟು ಅವರ ಕೈಯಲ್ಲಿ ತೆಂಗಿನಕಾಯಿ ಮಚ್ಚಾಗುತ್ತದೆ, ಅದಕ್ಕೆ ಹೋಲಿಸಿದರೆ ಪಾನಾ ಉಳಿಯಾಗುವುದು ದೊಡ್ಡ ಸಂಗತಿಯೇನಲ್ಲ.

ನಿಜವಾದ ಕೊಡುಗೆ ಸಿಕ್ಕಿದ್ದು ಹುಡುಕದಿದ್ದಾಗ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933ರ ಮೇಲೆ ಆಗಲೇ ಮತ್ತೆ ಬಿದ್ದದ್ದು, ಮಾರಿಕಣಿವೆಯ ದಾರಿಯಲ್ಲಿ ಜಾತ್ರೆಯೇ ನೆರೆದಿತ್ತು. ನಾವೂ ಅಂಬಾಸಿಡರ್ ತೆಗೆದುಕೊಂಡು ಹೋದೆವು. ನೀರು ನೋಡಲು ಬಂದವರು ಅರ್ಧ ಜನ ಕಾರು ನೋಡಲು ನಿಂತರು. ಅವರಲ್ಲಿ ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಬಾನೆಟ್ಟು ಎತ್ತಿಸಿ ಎಂಜಿನ್ನಿನ ಸದ್ದು ಕೇಳಿದರು. ಮೂರನೇ ಸಿಲಿಂಡರಿನ ಟ್ಯಾಪೆಟ್ಟು ಸಡಿಲ ಎಂದರು. ಆಮೇಲೆ, "ಡಿಕ್ಕಿ ತೆಗೀರಿ" ಎಂದರು. ತೆಗೆದೆ. ಒಳಗೆ ನೋಡಿ ಅವರ ಮುಖ ಸಣ್ಣದಾಯಿತು. "ಪಾನಾ ಇಲ್ದಿರೋ ಗಾಡೀಲಿ ಹೆಂಡ್ತಿ ಮಕ್ಳನ್ನ ಕೂರಿಸ್ಕಂಡು ಬಂದೀರಲ್ಲ ವಕೀಲ್ರೆ" ಎಂದರು.

ಅವರ ಮನೆಯಲ್ಲಿ ಬಿಸ್ಕತ್ತಿನ ಒಂದು ದೊಡ್ಡ ತಗಡಿನ ಡಬ್ಬವಿತ್ತು. ಲೇಲ್ಯಾಂಡ್ ಬಸ್ಸುಗಳ ಕಾಲದಲ್ಲಿ ಸ್ವಂತ ದುಡ್ಡಿನಿಂದ ಕೊಂಡಿದ್ದ ಇಂಚಿನ ಪಾನಾಗಳು, ಒಂದೊಂದನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಏಳು–ಹದಿನಾರನೆಯದು, ಅರ್ಧ, ಒಂಬತ್ತು–ಹದಿನಾರನೆಯದು. ಮುಕ್ಕಾಲು ಇಂಚಿನದನ್ನು ಕೊಡಲಿಲ್ಲ. "ಅದು ಹತ್ತೊಂಬತ್ತಕ್ಕೂ ಆಯ್ತದೆ, ನನಗೆ ಬೇಕು" ಎಂದರು. ಲೆಕ್ಕ ಸರಿಯೇ, ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರು. ಎರಡು ಲೋಕಗಳು ಒಂದಕ್ಕೊಂದು ಹತ್ತಿರ ಬರುವ ಜಾಗ ಅದು. ದುಡ್ಡು ಎತ್ತಿದ್ದಕ್ಕೆ ಅವರಿಗೆ ಸಿಟ್ಟು ಬಂತು. ಬದಲಿಗೆ ಕಾರಿನ ಕೀಲಿ ಕೇಳಿದರು. ಊರೊಳಗಿನ ಹಳೇ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ಬಸ್ ಸ್ಟ್ಯಾಂಡಿನ ಮುಂದೆ ಬೇಕಿಲ್ಲದಿದ್ದರೂ ಎರಡು ಸಲ ಹಾರನ್ನು ಹೊಡೆದು ಬಂದರು.

ಸಾಮಾನು ಸಿಕ್ಕ ಮೇಲೆ ಅದನ್ನು ಕಾರಿನಲ್ಲಿ ಕೂರಿಸುವುದು ಬೇರೆಯೇ ಕೆಲಸ. ಸಣ್ಣ ಪಾನಾಗಳಿಗೆ ಬಟ್ಟೆಯ ಸುರುಳಿ ಬೇಕು. ಚಿತ್ರದುರ್ಗದಲ್ಲಿ ಲಾರಿ ಸೀಟಿಗೆ ಕುಷನ್ ಹೊಲಿಯುವ ಒಬ್ಬರಿಗೆ ಹಳೇ ಟಾರ್ಪಾಲಿನ್ನಿನ ತುಂಡು ಕೊಟ್ಟು ವಿವರಿಸಿದೆ. ಅವರು ನನ್ನ ವಿವರಣೆಯನ್ನು ಪೂರ್ತಿ ಕೇಳಿ, "ಅಣ್ಣ, ನೀವು ಹೇಳ್ದಂಗೆ ಹೊಲಿದ್ರೆ ಸುತ್ತಿದಾಗ ಹೊಟ್ಟೆ ಬರುತ್ತೆ" ಎಂದು ತಮ್ಮ ಲೆಕ್ಕ ಹೇಳಿದರು. ಉದ್ದದ್ದು ಒಂದು ಕಡೆ, ಗಿಡ್ಡದ್ದು ಇನ್ನೊಂದು ಕಡೆ, ಸುತ್ತು ಶುರುವಾಗುವುದು ಭಾರದ ಕಡೆಯಿಂದ. ಜೇಬಿನ ಬಾಯಿ ಮುಚ್ಚುವಂತೆ ಮೇಲೊಂದು ಅಂಗೈಯಗಲದ ಮಡಿಕೆ, ಇಲ್ಲದಿದ್ದರೆ ಹಂಪು ಹಾರಿದಾಗ ಪಾನಾ ಜಾರಿ ಹೊರಬರುತ್ತದೆ. ದಾರ ಸಾಲದು, ಬಕಲ್ಲಿನ ಪಟ್ಟಿ ಬೇಕು. ಅವರು ಹೇಳಿದ್ದೇ ಸರಿಯಾಗಿತ್ತು. ಜಾಕನ್ನಂತೂ ಕಟ್ಟದೆ ಇಡಲೇಬಾರದು. ಡಿಕ್ಕಿಯಲ್ಲಿ ಸಡಿಲವಾಗಿರುವ ಜಾಕು ಗುಂಡಿ ಬಿದ್ದ ರಸ್ತೆಯಲ್ಲಿ ಮಾಡುವ ಸದ್ದು, ಕೆಳಗಿನ ಬುಷ್ಷು ಹೋದಾಗ ಬರುವ ಸದ್ದು ಎರಡೂ ಒಂದೇ ಥರ. ಹೊಳಲ್ಕೆರೆ ರಸ್ತೆಯಲ್ಲಿ ಎಷ್ಟೋ ಜನ ಜಾಕಿನ ಸದ್ದಿಗೆ ಹೆದರಿ ಬುಷ್ಷು ಬದಲಾಯಿಸಿದ್ದಾರೆ. ತುಂಡು ಟ್ಯೂಬು ಸುತ್ತಿ ಬಿಗಿದರೆ ಮುಗಿಯಿತು.

ಇಷ್ಟೆಲ್ಲ ಆಗುವ ಹೊತ್ತಿಗೆ ಕಾರಿನ ಡ್ಯಾಷ್‌ಬೋರ್ಡಿನ ಗೂಡಿನ ಹಿಂದೆ ಬಿದ್ದಿದ್ದ ಒಂದು ಕಾಗದ ಸಿಕ್ಕಿತು. ಯಾರದೋ ಮದುವೆಯ ಆಮಂತ್ರಣ. ದಪ್ಪ ಕಾಗದ, ಒಂದು ಅಂಚು ಕರೀ ಎಣ್ಣೆಯಿಂದ ಕಪ್ಪಾಗಿದೆ. ಅತ್ತೆಗೆ ತೋರಿಸಿದೆ. ಅವರು ನೋಡಿದ ಕೂಡಲೇ ನಕ್ಕರು. ಮಾವ ಫೀಲರ್ ಗೇಜನ್ನು ಯಾವ ಕಾಲದಲ್ಲೋ ಕಳೆದುಕೊಂಡಿದ್ದರಂತೆ. ಮನೆಗೆ ಮದುವೆ ಕಾಗದ ಬಂದರೆ ಮುಹೂರ್ತ ನೋಡುವುದಕ್ಕೆ ಮೊದಲು ಬೆರಳಲ್ಲಿ ಹಿಡಿದು ಕಾಗದದ ದಪ್ಪ ನೋಡುತ್ತಿದ್ದರಂತೆ. ಸರಿಯಾದ್ದು ಸಿಕ್ಕರೆ ಅದು ಕಾರಿಗೆ, ಮಿಕ್ಕವು ಗೋಡೆಯ ಮೊಳೆಗೆ. ಪಾಯಿಂಟಿನ ಸಂದಿಗೆ ಅದನ್ನೇ ತೂರಿಸಿ ಬಿಗಿಯುತ್ತಿದ್ದರಂತೆ. ನಾನು ಲೇತ್ ಅಂಗಡಿಗೆ ಒಯ್ದು ಮೈಕ್ರೋಮೀಟರಿಗೆ ಹಿಡಿಸಿದೆ. ಇಂಚಿನ ಸಾವಿರ ಭಾಗದಲ್ಲಿ 15. ಪುಸ್ತಕ ಹೇಳುವ ಹದಿನಾಲ್ಕಕ್ಕೂ ಹದಿನಾರಕ್ಕೂ ಸರಿಯಾಗಿ ನಡುವೆ!

ಗೆಳೆಯ ಬೆಂಗಳೂರಿನಿಂದ ಬಂದು ಸುರುಳಿ ಬಿಚ್ಚಿ ಒಂದೊಂದನ್ನೇ ನೋಡಿದ. ಹುಣಸೆಹಣ್ಣಿನ ಕೆಲಸವನ್ನು ಮೆಚ್ಚಿದ. ಡಿಪೋದ ಪಾನಾಗಳ ಬಗ್ಗೆ, ಇವು ಈ ಕಾರಿನ ಜೊತೆ ಬಂದವಲ್ಲ, ಆದರೂ ಕಾಲ ಸರಿಯಾಗಿದೆ, ನಡೆಯುತ್ತದೆ ಎಂದ. ಕೊನೆಯ ಜೇಬಿನಿಂದ ಮದುವೆ ಕಾಗದ ಹೊರಬಂದಾಗ, ಇದೇನು ಎಂದ. ಫೀಲರ್ ಗೇಜು ಎಂದೆ. ಅದಕ್ಕೆ ಮಾರ್ಕು ಕಡಿಯುತ್ತಾರೆ, ಒಂದು ಸರಿಯಾದ ಗೇಜು ಹಾಕು, ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ ಎಂದ. ಉತ್ತರಪಾರಾದಿಂದ ಬಂದ ಗೇಜು ಈ ಕಾರಿನ ಪಾಯಿಂಟನ್ನು ಎಷ್ಟು ದಿನ ಮುಟ್ಟಿತ್ತೋ ನನಗೆ ಗೊತ್ತಿಲ್ಲ, ಈ ಕಾಗದ ಮುಟ್ಟಿದ್ದಕ್ಕೆ ಅಂಚಿನಲ್ಲಿ ಗುರುತಿದೆ, ಕೋರ್ಟಿನಲ್ಲಿ ಆಗಿದ್ದರೆ ಇದನ್ನೇ ನಿಶಾನೆ ಮಾಡಿಸುತ್ತಿದ್ದೆ ಎಂದು ವಾದಿಸಿದೆ. ಅವನು ಒಪ್ಪಲಿಲ್ಲ. ಕಾರ್ಖಾನೆಯಿಂದ ಹೊರಟ ದಿನ ಕಾರು ಹೇಗಿತ್ತೋ ಹಾಗಿರುವುದೇ ಅವನಿಗೆ ಅಸಲು. ನನಗೆ ಆ ಒಂದು ದಿನಕ್ಕಿಂತ ಆಮೇಲಿನ ಅಷ್ಟು ವರ್ಷದ ಮೇಲೆ ಆಸೆ ಜಾಸ್ತಿ. ಕಾಗದ ಜೇಬಿನಲ್ಲೇ ಇದೆ. ಗೇಜನ್ನೂ ಕೊಂಡೆ, ಅದು ಕಾಗದದ ಹಿಂದೆ ಇದೆ. ತೀರ್ಪುಗಾರರು ಬಂದರೆ ಯಾವುದು ಮೊದಲು ಕೈಗೆ ಸಿಗುತ್ತದೋ ನೋಡೋಣ.

ಹೊಸದುರ್ಗದ ಯಜಮಾನರು ಕೊನೆಗೂ ಹ್ಯಾಂಡಲ್ಲು ಕೊಟ್ಟರು, ಎರಡು ಮೊಳದ ಕಬ್ಬಿಣದ ಗೂಟ ಮಾಡಿಸಿಕೊಟ್ಟ ಮೇಲೆ. ಎಮ್ಮೆ ಹೊಸ ಗೂಟವನ್ನು ಮೊದಲ ವಾರದಲ್ಲೇ ಕಿತ್ತುಕೊಂಡು ಪಕ್ಕದವರ ಜೋಳಕ್ಕೆ ನುಗ್ಗಿತಂತೆ. ಫೋನು ಮಾಡಿ, "ನಿಮ್ಮ ಕಂಪನಿ ಗೂಟನೇ ವಾಸಿ ಇತ್ತು" ಎಂದರು. ಇನ್ನು ಬಾಕಿ ಇರುವುದು ಗಾಳಿ ಪಂಪು. ಹಿರಿಯೂರಿನ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಒಂದಿದೆ. ಕಾಲಲ್ಲಿ ತುಳಿಯುವಂಥದ್ದು, ಹಿತ್ತಾಳೆಯ ಬಾಯಿ, ಕಾಲ ಸರಿಯಾಗಿದೆ. ಮಕ್ಕಳು ಅದರಲ್ಲಿ ವಾಲಿಬಾಲಿಗೆ ಗಾಳಿ ಹಾಕುತ್ತಾರೆ. ಹೊಸ ಪಂಪು, ಜೊತೆಗೆ ಎರಡು ವಾಲಿಬಾಲು, ಒಂದು ನೆಟ್ಟು ಕೊಡುತ್ತೇನೆಂದು ಹೇಳಿದ್ದೇನೆ. ಮುಖ್ಯೋಪಾಧ್ಯಾಯರು ಪಂಪು ಸ್ಟಾಕ್ ರಿಜಿಸ್ಟರಿನಲ್ಲಿದೆ, ಲಿಖಿತ ಅರ್ಜಿ ಕೊಡಿ ಎಂದಿದ್ದಾರೆ. ಅರ್ಜಿ ಬರೆಯುವುದು ನನ್ನ ಕಸುಬೇ. ನೆಟ್ಟಿನ ಬದಲು ಎರಡು ಸಿಮೆಂಟಿನ ಕಂಬ ಕೊಟ್ಟರೆ ಆಗುತ್ತದೆಯೇ ಎಂದು ಅವರು ಮೊನ್ನೆ ಕೇಳಿ ಕಳಿಸಿದ್ದಾರೆ.